ಎಸಿ ನೀರು ಸುರಿಸಿದರೆ, ಗೀಸರ್ ಕೈಕೊಟ್ಟರೆ: ಕಡಲತಡಿಯ ಮನೆಗಳಿಗೆ

ಮಂಗಳೂರು, ಉಡುಪಿಯ ಮನೆಗಳಲ್ಲಿ ಎಸಿಯನ್ನು ಹೆಚ್ಚು ಕಾಡುವುದು ಸೆಕೆಯಲ್ಲ, ಗಾಳಿಯಲ್ಲಿರುವ ತೇವ ಮತ್ತು ಉಪ್ಪು. ಹೀಗಾಗಿ ತಂಪು ಕಡಿಮೆಯಾದೊಡನೆ ‘ಗ್ಯಾಸ್ ಖಾಲಿಯಾಗಿದೆ’ ಎಂಬ ಮಾತನ್ನು ನಂಬಿ ದುಡ್ಡು ಕೊಡುವ ಮುನ್ನ ಕೆಲವನ್ನು ಮನೆಯವರೇ ನೋಡಿಕೊಳ್ಳುವುದು ಒಳ್ಳೆಯದು.

ಒಳಗಿನ ಯೂನಿಟ್‌ನಿಂದ ಗೋಡೆಯ ಮೇಲೆ ನೀರು ಇಳಿಯುವುದು ಇಲ್ಲಿ ತೀರಾ ಸಾಮಾನ್ಯ. ತೇವ ತುಂಬಿದ ಗಾಳಿ ತಣ್ಣನೆಯ ಕಾಯಿಲ್‌ಗೆ ತಾಗಿ ನೀರಾಗುತ್ತದೆ. ಆ ನೀರು ಹೋಗಬೇಕಾದ ಸಣ್ಣ ಪೈಪಿನಲ್ಲಿ ಧೂಳು ಸೇರಿ ಲೋಳೆ ಕಟ್ಟುತ್ತದೆ, ಕೆಲವೊಮ್ಮೆ ಇರುವೆಗಳೂ ಮಣ್ಣು ತುಂಬಿಸಿರುತ್ತವೆ. ಮೊದಲು ಎಂಸಿಬಿ (ಕರೆಂಟು ಕಡಿಯುವ ಬೋರ್ಡಿನ ಸ್ವಿಚ್ಚು) ಆಫ್ ಮಾಡಿ, ಪೈಪಿನ ಹೊರತುದಿಗೆ ಸೈಕಲ್ ಪಂಪು ಹಿಡಿದು ಮೆಲ್ಲಗೆ ಗಾಳಿ ಹಾಯಿಸಬೇಕು. ಕಟ್ಟಿದ್ದು ಬಿಟ್ಟರೆ ಕಪ್ಪು ಲೋಳೆ ಮೊದಲು ಬಂದು, ಹಿಂದೆಯೇ ನೀರು ಹರಿಯುತ್ತದೆ. ಪೈಪು ಎಲ್ಲಿಯೂ ಮೇಲೇಳದೆ ಇಳಿಜಾರಾಗಿರಬೇಕು, ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿರಬಾರದು.

ತಂಪು ಕಡಿಮೆಯಾಗಿ ತಾಮ್ರದ ಪೈಪಿನ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಫಿಲ್ಟರ್ ತೆಗೆದು ತೊಳೆಯಿರಿ. ಸೆಕೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದರೆ ಈ ತೊಂದರೆ ಅಪರೂಪ. ಮಂಜು ಕರಗುವವರೆಗೆ ಫ್ಯಾನ್ ಮಾತ್ರ ಓಡಲಿ. ಅನಂತರವೂ ಸರಿಯಾಗದಿದ್ದರೆ ಗ್ಯಾಸ್ ಸೋರಿರಬಹುದು. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಸೋರದ ಹೊರತು ಕಡಿಮೆಯಾಗುವುದಿಲ್ಲ. ಜೋಡಣೆಯ ಬಳಿ ಎಣ್ಣೆಯ ಕಲೆ ಕಂಡರೆ ಅಲ್ಲಿಯೇ ಸೋರಿಕೆ ಇರುವ ಸಾಧ್ಯತೆ ಹೆಚ್ಚು. ಸೋರುವ ಜಾಗ ಮುಚ್ಚದೆ ಬರೀ ಗ್ಯಾಸ್ ತುಂಬಿಸುವ ಮೆಕ್ಯಾನಿಕ್ಕನ್ನು ಮತ್ತೆ ಕರೆಯದಿರುವುದೇ ವಾಸಿ.

ಮಲ್ಪೆ, ಉಳ್ಳಾಲ, ಸುರತ್ಕಲ್‌ನಂತಹ ಕಡಲಿಗೆ ಹತ್ತಿರದ ಊರುಗಳಲ್ಲಿ ಹೊರಗಿನ ಯೂನಿಟ್ಟಿನ ತೆಳು ಅಲ್ಯೂಮಿನಿಯಂ ಹಾಳೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ: ಬಿಳಿ ಪುಡಿಯಾಗಿ ಉದುರಿದರೆ ಉಪ್ಪು ಈಗಾಗಲೇ ಕೆಲಸ ಮಾಡಿದೆ ಎಂದರ್ಥ. ಎಂಸಿಬಿ ಆಫ್ ಮಾಡಿ, ತಿಂಗಳಿಗೊಮ್ಮೆಯಾದರೂ ಸಿಹಿನೀರನ್ನು ಕಡಿಮೆ ರಭಸದಲ್ಲಿ ಹಾಯಿಸಿ ತೊಳೆಯಬೇಕು. ಹೊರಗಿನ ಫ್ಯಾನ್ ತಿರುಗದೆ ಗುಂಯ್ ಎನ್ನುತ್ತಿದ್ದರೆ ಅದು ಬಹುಶಃ ಫ್ಯಾನಿನ ಮೋಟಾರಿಗೆ ಚಾಲನೆ ಕೊಡುವ ಕೆಪಾಸಿಟರ್‌ನ ದೋಷ. ಕರೆಂಟು ತೆಗೆದ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರುವುದರಿಂದ ನೀವು ಕೈ ಹಾಕಬೇಡಿ.

ಇನ್ನು ಗೀಸರ್. ಬಚ್ಚಲಿನಲ್ಲಿ ಹಂಡೆ, ಒಲೆ ಉಳಿಸಿಕೊಂಡವರು ಇದನ್ನು ಓದದೆಯೂ ಇರಬಹುದು. ನೀರು ಕಾಯುವಾಗ ಸೇಫ್ಟಿ ವಾಲ್ವ್‌ನಿಂದ ನಾಲ್ಕು ಹನಿ ಬೀಳುವುದು ಸಹಜ, ಏಕೆಂದರೆ ಬಿಸಿಯಾದ ನೀರು ಹಿಗ್ಗುತ್ತದೆ. ಅದನ್ನು ಎಂ-ಸೀಲ್ ಹಚ್ಚಿ ಮುಚ್ಚಿದರೆ ಟ್ಯಾಂಕ್ ಸಿಡಿಯುವ ಅಪಾಯವಿದೆ. ನದೀಮುಖದ ಸಮೀಪದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪುನೀರು ನುಗ್ಗುವುದುಂಟು. ಅಂತಹ ನೀರು ಟ್ಯಾಂಕನ್ನು ತುಕ್ಕಿನಿಂದ ಕಾಯುವ ಮೆಗ್ನೀಸಿಯಂ ಸರಳನ್ನು ಬೇಗ ಸವೆಸುವುದರಿಂದ ವರ್ಷಕ್ಕೊಮ್ಮೆ ಅದನ್ನು ಬಿಚ್ಚಿಸಿ ನೋಡಿ. ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಆ ಕ್ಷಣವೇ ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಮತ್ತು ಹೀಟಿಂಗ್ ಎಲಿಮೆಂಟ್ ನೋಡುವವರೆಗೆ ಮತ್ತೆ ಏರಿಸಬೇಡಿ.

ಮಳೆಗಾಲಕ್ಕೆ ಮುಂಚಿನ ಸಿಡಿಲಿನ ದಿನಗಳಲ್ಲಿ ರಿಮೋಟಿನಿಂದ ಆಫ್ ಮಾಡಿದರೆ ಸಾಲದು. ಎಸಿ, ಗೀಸರ್ ಎರಡರ ಎಂಸಿಬಿಯನ್ನೂ ಗುಡುಗು ಕೇಳಿದೊಡನೆ ಇಳಿಸಬೇಕು.