ಬಿರುಬಿಸಿಲಿನಲ್ಲೂ ತಾರಸಿ ತುಂಬ ಹೂ: ಮಾರ್ಚ್‌ನಿಂದ ಜೂನ್‌ವರೆಗೆ ಸರದಿ ಅರಳಿಸುವ ಬಗೆ

ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ನಡೆಯುವುದು ಜನವರಿಯಲ್ಲಿ ಮತ್ತು ಆಗಸ್ಟ್‌ನಲ್ಲಿ. ಜನವರಿಯ ಪ್ರದರ್ಶನ ನೋಡಿ ಬಂದ ಹುಮ್ಮಸ್ಸಿನಲ್ಲಿ ಪೆಟೂನಿಯಾ, ಪ್ಯಾನ್ಸಿ ಸಸಿಗಳನ್ನು ತಂದು ಕುಂಡ ತುಂಬಿಸುವವರು ಬಹಳ. ಯುಗಾದಿ ಹೊತ್ತಿಗೆ ಅವು ಸೊರಗುತ್ತವೆ. ‘ಬೇಸಿಗೇಲಿ ಏನೂ ಬರಲ್ಲ’ ಎಂದು ಆಮೇಲೆ ತಾರಸಿ ಹತ್ತುವುದನ್ನೇ ಬಿಟ್ಟುಬಿಡುತ್ತಾರೆ. ಅದೇ ದಿನಗಳಲ್ಲಿ ಬೀದಿಗಿಳಿದು ತಲೆ ಎತ್ತಿ ನೋಡಿ: ಗುಲಾಬಿ ಬಣ್ಣದ ಟಬೂಬಿಯಾ ಮುಗಿಯುತ್ತಿದ್ದಂತೆ ನೇರಳೆ ಜಕರಂಡ, ಅದರ ಹಿಂದೆಯೇ ಹೊಂಗೆ, ಕಕ್ಕೆ, ಮೇ ಬಂತೆಂದರೆ ಕೆಂಡದಂಥ ಗುಲ್‌ಮೊಹರ್. 1908ರಿಂದ 1932ರವರೆಗೆ ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಊರಿನ ಸಾಲುಮರಗಳನ್ನು ಯೋಚಿಸಿದವರು. ಆ ಸರದಿಯ ಲೆಕ್ಕವನ್ನೇ ಹತ್ತು–ಹದಿನೈದು ಕುಂಡಗಳಲ್ಲಿ ಹೂಡಬಹುದು. ಬೇಸಿಗೆಯಲ್ಲಿ ನಮಗೆ ಬಿಸಿಲು ಧಾರಾಳ, ನೀರು ದುರ್ಲಭ. ಬಿಸಿಲನ್ನೇ ಉಂಡು, ಅಡುಗೆಮನೆಯಲ್ಲಿ ಮಿಕ್ಕ ನೀರಿನಲ್ಲೇ ಬದುಕುವ ಹೂಗಳನ್ನು ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಬಿಸಿಲಿನ ದಾರಿ ನೋಡಿ

ಗಿಡ ಕೊಳ್ಳುವ ಮೊದಲು ಒಂದು ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ಬಾಲ್ಕನಿ, ತಾರಸಿಗಳಲ್ಲಿ ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂದು ಗಮನಿಸಿ. ಡಿಸೆಂಬರ್‌ನಲ್ಲಿ ನೋಡಿದ್ದು ಈಗ ಉಪಯೋಗಕ್ಕೆ ಬರುವುದಿಲ್ಲ. ಬೆಂಗಳೂರಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಶೂನ್ಯ ನೆರಳಿನ ದಿನ ಎನ್ನುವುದು ಇದನ್ನೇ. ಅಲ್ಲಿಂದ ಆಗಸ್ಟ್ 18ರ ಆಸುಪಾಸಿನವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ.

ಅಪಾರ್ಟ್‌ಮೆಂಟಿನವರಿಗೆ ಇದರಿಂದ ದೊಡ್ಡ ಲಾಭವಿದೆ. ‘ನಮ್ಮದು ಉತ್ತರದ ಬಾಲ್ಕನಿ, ಬಿಸಿಲೇ ಬರಲ್ಲ’ ಎಂದು ಕೊರಗುವವರಿಗೆ ಯುಗಾದಿ ಕಳೆದ ಮೇಲೆ ಬೆಳಿಗ್ಗೆ, ಸಂಜೆ ಓರೆಯಾಗಿ ಬಿಸಿಲು ಬೀಳತೊಡಗುತ್ತದೆ. ಮೇ, ಜೂನ್‌ನಲ್ಲಿ ಇನ್ನಷ್ಟು. ಇತ್ತ ಚಳಿಗಾಲವಿಡೀ ಬಿಸಿಲುಂಡ ದಕ್ಷಿಣದ ಬಾಲ್ಕನಿಗೆ ಮೇಲಿನ ಮನೆಯ ಚಾವಣಿಯೇ ನೆರಳಾಗುತ್ತದೆ. ಹೂ ಬಿಡುತ್ತಿದ್ದ ದಾಸವಾಳ ಮೇ ತಿಂಗಳಲ್ಲಿ ಮುನಿಸಿಕೊಂಡರೆ ಗೊಬ್ಬರ ಸುರಿಯುವ ಮೊದಲು ಕುಂಡದ ಜಾಗ ಬದಲಿಸಿ ನೋಡಿ. ದಿನಕ್ಕೆ ಐದಾರು ಗಂಟೆ ಬಿಸಿಲು ಸಿಗುವ ಕಡೆ ಮಲ್ಲಿಗೆ, ದಾಸವಾಳ, ಕಾಗದದ ಹೂ, ಜೀನಿಯಾ ಇಡಿ. ಎರಡು–ಮೂರು ಗಂಟೆ ಮಾತ್ರ ಬಿಸಿಲಿರುವ ಕಡೆ ಕನಕಾಂಬರ. ನೇರ ಬಿಸಿಲೇ ಇಲ್ಲದೆ ಬೆಳಕು ಮಾತ್ರ ಇರುವ ಮೂಲೆಗೆ, ನಮ್ಮಲ್ಲಿ ಬ್ರಹ್ಮಕಮಲ ಎಂದು ಕರೆಯುವ, ರಾತ್ರಿ ಅರಳುವ ಕಳ್ಳಿ ಜಾತಿಯ ಗಿಡ.

ಯಾವ ಹೂ, ಯಾವ ಹೊತ್ತಿಗೆ

ಸರದಿಯಲ್ಲಿ ಮೊದಲು ಬರಬೇಕಾದವು ಜೀನಿಯಾ ಮತ್ತು ಹಳದಿ–ಕಿತ್ತಳೆ ಕಾಸ್ಮಾಸ್. ಜನವರಿ ಕೊನೆಗೆ ಬೀಜ ಹಾಕಿದರೆ ಒಂದು ವಾರದೊಳಗೆ ಮೊಳೆತು, ಸುಮಾರು ಎರಡು ತಿಂಗಳಿಗೆ ಹೂವಾಗುತ್ತವೆ. ಜೀನಿಯಾಗೆ ಬೇರು ಕದಲಿಸಿದರೆ ಆಗದು, ಹಾಗಾಗಿ ಬೆಳೆಯುವ ಕುಂಡಕ್ಕೇ ನೇರವಾಗಿ ಬೀಜ ಹಾಕಿ. ನಾಲ್ಕೈದು ಜೋಡಿ ಎಲೆ ಬಂದಾಗ ತುದಿ ಚಿವುಟಿದರೆ ಗಿಡ ಕವಲೊಡೆದು ಪೊದೆಯಾಗುತ್ತದೆ. ಮೂರು ವಾರಕ್ಕೊಮ್ಮೆ ಒಂದಷ್ಟು ಬೀಜ ಹಾಕುತ್ತಾ ಹೋದರೆ ಜೂನ್‌ವರೆಗೆ ಹೂವಿಗೆ ಬರವಿಲ್ಲ.

ಕಾಗದದ ಹೂವಿನ ವಿಚಾರದಲ್ಲಿ ತಾರಸಿ ತೋಟದವರ ನಡುವೆ ಪದೇಪದೇ ಏಳುವ ಪ್ರಶ್ನೆ ಒಂದೇ: ‘ಎಲೆ ದಟ್ಟವಾಗಿದೆ, ಹೂವೇ ಇಲ್ಲ, ಯಾಕೆ?’ ಅತಿಯಾದ ಉಪಚಾರವೇ ಕಾರಣ. ಈ ಗಿಡ ನೀರಿನ ಕೊರತೆ ಕಂಡಾಗಲೇ ಹೂವಿಗೆ ತಿರುಗುತ್ತದೆ. ಎಲೆ ಸ್ವಲ್ಪ ಬಾಡುವವರೆಗೆ ಕಾದು, ಆಮೇಲೆ ಚೆನ್ನಾಗಿ ನೀರು ಕೊಡಿ, ಮತ್ತೆ ಕಾಯಿರಿ. ಹೂವಿನ ಒಂದು ಸುತ್ತು ಮುಗಿದ ಮೇಲೆ ಕೊಂಬೆಗಳ ತುದಿ ಕತ್ತರಿಸಿ, ಹೂ ಬರುವುದು ಹೊಸ ಚಿಗುರಿನಲ್ಲಿ. ಸಣ್ಣ ಕುಂಡದಲ್ಲಿ ಬೇರು ಇಕ್ಕಟ್ಟಾದರೂ ಅದಕ್ಕೆ ಬೇಸರವಿಲ್ಲ.

ಟೇಬಲ್ ರೋಸ್‌ಗೆ ಒಂದು ಅಗಲದ ತಟ್ಟೆ, ಎರಡಿಂಚಿನ ಕಡ್ಡಿ ಸಾಕು. ನಿತ್ಯಪುಷ್ಪಕ್ಕೆ ನೀರು ಹೆಚ್ಚಾದರೆ ಮಾತ್ರ ಕಷ್ಟ. ಸುಗಂಧರಾಜದ ಗೆಡ್ಡೆಯನ್ನು ಮಾರ್ಚ್ ಆರಂಭದಲ್ಲಿ ಎರಡಿಂಚು ಆಳಕ್ಕೆ ಊರಿದರೆ ಸುಮಾರು ಮೂರು ತಿಂಗಳಿಗೆ, ಜೂನ್ ಹೊತ್ತಿಗೆ, ಹೂದಂಡು ಏಳುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಾದ ಶೃಂಗಾರ್, ಪ್ರಜ್ವಲ್ ಎಸಳಿನ ಒಂಟಿ ಸುತ್ತಿನವು. ಸುವಾಸಿನಿ, ವೈಭವ್ ಹಲವು ಸುತ್ತಿನವು. ಪರಿಮಳವೇ ಮುಖ್ಯ ಎನ್ನುವವರು ಒಂಟಿ ಸುತ್ತಿನದನ್ನೇ ಹಾಕಿ.

ಇನ್ನೊಂದು ಮಾತನ್ನು ನರ್ಸರಿಯಲ್ಲಿ ಯಾರೂ ಹೇಳುವುದಿಲ್ಲ. ನೀವು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಏಳಕ್ಕೆ ಮರಳುವವರಾದರೆ ಟೇಬಲ್ ರೋಸ್ ಅರಳಿದ್ದನ್ನು ವಾರದ ದಿನಗಳಲ್ಲಿ ನೋಡಲಾರಿರಿ. ಅದು ಬಿಸಿಲೇರಿದ ಮೇಲೆ ಬಿರಿದು ಮಧ್ಯಾಹ್ನ ಕಳೆಯುತ್ತಲೇ ಮುದುಡುತ್ತದೆ. ಅಂಥವರಿಗೆ ಸಂಜೆ ಅರಳುವ ಸಂಜೆಮಲ್ಲಿಗೆ, ದುಂಡುಮಲ್ಲಿಗೆ, ರಾತ್ರಿ ಕಂಪು ಬೀರುವ ಸುಗಂಧರಾಜ ಒಳ್ಳೆಯದು. ಹೂ ಅರಳುವ ಹೊತ್ತೂ ನೀವು ಮನೆಯಲ್ಲಿರುವ ಹೊತ್ತೂ ಕೂಡಿಬರುವಂತೆ ಆರಿಸುವುದು, ಬಣ್ಣ ನೋಡಿ ಆರಿಸುವುದಕ್ಕಿಂತ ಮುಖ್ಯ ಎಂದು ನನಗನ್ನಿಸುತ್ತದೆ.

ಕೊಳ್ಳಲು ಲಾಲ್‌ಬಾಗ್‌ನೊಳಗಿನ ನರ್ಸರಿ, ಸಿದ್ದಾಪುರದ ಹಳೆಯ ನರ್ಸರಿಗಳು ಇದ್ದೇ ಇವೆ. ಪೂರ್ತಿ ಅರಳಿದ ಗಿಡ ಬೇಡ. ಮೊಗ್ಗಿರುವ, ಬುಡದಲ್ಲಿ ಹೊಸ ಚಿಗುರಿರುವ ಗಿಡ ಕೇಳಿ. ತಂದ ದಿನವೇ ಬಿಸಿಲಿಗೆ ಇಡದೆ ಮೂರ್ನಾಲ್ಕು ದಿನ ನೆರಳಿನಲ್ಲಿ ಇಟ್ಟು ಒಗ್ಗಿಸಿ.

ಮಲ್ಲಿಗೆಗೆ ಒಂದಿಷ್ಟು ಹೆಚ್ಚು ಗಮನ

ಬೆಂಗಳೂರಿನ ಬೇಸಿಗೆಯ ಹೂ ಎಂದರೆ ಮಲ್ಲಿಗೆಯೇ. ಒಂದೇ ಗಿಡಕ್ಕೆ ಜಾಗವಿದೆ ಎಂದಾದರೆ ದುಂಡುಮಲ್ಲಿಗೆ ಇಡಿ. ಕುಂಡ 14 ಅಂಗುಲಕ್ಕಿಂತ ಚಿಕ್ಕದಾಗದಿರಲಿ.

ಬೇಸಿಗೆಯ ಮಲ್ಲಿಗೆಯ ಕೆಲಸ ಶುರುವಾಗುವುದು ಚಳಿಯಲ್ಲಿ. ಡಿಸೆಂಬರ್–ಜನವರಿಯಲ್ಲಿ ಗಿಡವನ್ನು ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಸವರಿ. ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಬುಡಸಹಿತ ತೆಗೆಯಿರಿ. ಉಳಿದ ಎಲೆಗಳನ್ನೂ ಕಿತ್ತು, ಕೆಲವು ದಿನ ನೀರು ಕಡಿಮೆ ಮಾಡಿ. ಆಮೇಲೆ ಮೇಲಿನ ಎರಡಿಂಚು ಮಣ್ಣು ಕೆದಕಿ, ಒಂದು ಹಿಡಿ ಹೊಂಗೆ ಹಿಂಡಿ, ಒಂದು ಹಿಡಿ ಬೇವಿನ ಹಿಂಡಿ, ಎರಡು ಹಿಡಿ ಎರೆಗೊಬ್ಬರ ಬೆರೆಸಿ ನೀರುಣಿಸಿ. ಚಿಗುರು ಒಡೆಯುತ್ತದೆ, ಆ ಚಿಗುರಿನ ತುದಿಯಲ್ಲಿ ಮೊಗ್ಗು ಕೂರುತ್ತದೆ. ಹಳೆಯ ಕೊಂಬೆಯನ್ನು ಮುಟ್ಟಲು ಮನಸ್ಸಾಗದೆ ಬಿಟ್ಟವರ ಗಿಡದಲ್ಲಿ ಬಳ್ಳಿ ಬೆಳೆಯುತ್ತದೆ, ಮೊಗ್ಗು ಎಣಿಸುವಷ್ಟೇ ಇರುತ್ತದೆ.

ಜನವರಿಯಲ್ಲಿ ಸವರದೇ ಇದ್ದರೂ ಈಗ ಕೈಚೆಲ್ಲಬೇಕಿಲ್ಲ. ಪ್ರತಿ ಸುತ್ತು ಹೂ ಮುಗಿದ ಮೇಲೆ, ಹೂ ಬಿಟ್ಟ ಕೊಂಬೆಯ ತುದಿಯನ್ನು ಎರಡು ಗಿಣ್ಣು ಕೆಳಗೆ ಕತ್ತರಿಸಿ. ಆ ಗಿಣ್ಣುಗಳಿಂದ ಹೊಸ ಚಿಗುರು ಬಂದು ಮತ್ತೊಂದು ಸುತ್ತು ಮೊಗ್ಗಾಗುತ್ತದೆ.

ಮಾಲೆ ಕಟ್ಟುವವರು ಬಲಿತು ಬೆಳ್ಳಗಾದ ಮೊಗ್ಗನ್ನು ಬಿಸಿಲೇರುವ ಮೊದಲೇ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಲಿ. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿದ್ದರೆ ಅಥವಾ ತೂತಾಗಿದ್ದರೆ ಹುಳು ಬಿದ್ದಿದೆ ಎಂದರ್ಥ. ಅಂಥದ್ದನ್ನು ಕಿತ್ತು ಗಿಡದ ಬುಡಕ್ಕೇ ಉದುರಿಸಬೇಡಿ. ಹುಳು ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ಮೇಲೇಳುತ್ತದೆ. ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ.

ಕುಂಡ, ಮಣ್ಣು, ಹೊದಿಕೆ

ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಕಾಂಪೋಸ್ಟ್ ಅಥವಾ ಹಳೆಯ ಕೊಟ್ಟಿಗೆ ಗೊಬ್ಬರ. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ, ಆ ನೀರನ್ನು ಚೆಲ್ಲಿ, ಇನ್ನೊಮ್ಮೆ ತೊಳೆದೇ ಬಳಸಿ, ಅದರಲ್ಲಿ ಉಪ್ಪಿನಂಶವಿರುತ್ತದೆ. ಪಶ್ಚಿಮದ ಬಿಸಿಲಿಗೆ ಕಪ್ಪು ಕುಂಡ, ಕಪ್ಪು ಚೀಲ ಇಟ್ಟರೆ ಬೇರು ಬೇಯುತ್ತದೆ. ಹೊರಗೆ ಸುಣ್ಣ ಬಳಿಯಿರಿ ಅಥವಾ ತೆಳು ಬಣ್ಣದ ಕುಂಡ ಆರಿಸಿ. ಕಾದ ಕಾಂಕ್ರೀಟಿನ ಮೇಲೆ ನೇರವಾಗಿ ಇಡದೆ ಇಟ್ಟಿಗೆಯ ಮೇಲೆ ಕೂರಿಸಿ.

ಹೊದಿಕೆಯನ್ನು ಮಾತ್ರ ಮರೆಯಬೇಡಿ. ಫೆಬ್ರುವರಿ–ಮಾರ್ಚ್‌ನಲ್ಲಿ ಬೀದಿ ತುಂಬ ಎಲೆ ಉದುರಿರುತ್ತದೆ. ಅದನ್ನು ಗುಡ್ಡೆ ಹಾಕಿ ಸುಡುವುದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಎರಡು ಗೋಣಿಚೀಲ ಎಲೆ ತಂದು, ಪ್ರತಿ ಕುಂಡದ ಮಣ್ಣಿನ ಮೇಲೆ ಎರಡಿಂಚು ದಪ್ಪ ಹರಡಿ, ಕಾಂಡದ ಸುತ್ತ ಸ್ವಲ್ಪ ಜಾಗ ಬಿಡಿ. ಮಣ್ಣು ತಂಪಾಗಿರುತ್ತದೆ, ನೀರು ಆರುವುದು ತಡವಾಗುತ್ತದೆ, ಮಳೆಗಾಲಕ್ಕೆ ಅದೇ ಗೊಬ್ಬರವಾಗುತ್ತದೆ.

ನೀರು: ಎಷ್ಟು, ಯಾವಾಗ, ಯಾವುದು

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. 2025ರ ಬೇಸಿಗೆಗೆ ಮುನ್ನ ಮತ್ತೆ ಅದೇ ಆದೇಶ ಬಂತು. ಕುಡಿಯಲು ನೀರಿಲ್ಲದ ಮನೆಗಳಿರುವ ಊರಿನಲ್ಲಿ ಇದು ನ್ಯಾಯವೇ. ಹೂಗಿಡಕ್ಕೆ ಕಾವೇರಿ ನೀರು ಬೇಕಾಗಿಯೂ ಇಲ್ಲ.

ಅಕ್ಕಿ, ಬೇಳೆ, ತರಕಾರಿ, ಸೊಪ್ಪು ತೊಳೆದ ನೀರನ್ನು ಸಿಂಕಿನ ಪಕ್ಕ ಒಂದು ಬಕೆಟ್ಟಿನಲ್ಲಿ ಹಿಡಿಯಿರಿ. ಅದೇ ದಿನ ಗಿಡಕ್ಕೆ ಹಾಕಿ, ಮರುದಿನಕ್ಕೆ ವಾಸನೆ ಬರುತ್ತದೆ. ಉಪ್ಪು ಹಾಕಿ ಬೇಯಿಸಿದ ನೀರು ಬೇಡ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವೇ ಇರುವುದಿಲ್ಲ, ಅದನ್ನು ಚರಂಡಿಗೆ ಬಿಡಬೇಡಿ. ಶುದ್ಧೀಕರಣ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು. ಬೇರೆ ನೀರಿನೊಂದಿಗೆ ಬೆರೆಸಿ ಕಾಗದದ ಹೂ, ಕಣಗಿಲೆಯಂಥ ಗಟ್ಟಿ ಗಿಡಗಳಿಗಷ್ಟೇ ಕೊಡಿ. ಬಟ್ಟೆ ತೊಳೆದ ನೀರಿನಲ್ಲಿ ಕೊನೆಯ ಜಾಲಾಟದ ನೀರು ಮಾತ್ರ ಪರವಾಗಿಲ್ಲ.

ಅಪಾರ್ಟ್‌ಮೆಂಟ್‌ಗಳಲ್ಲಿ ಗಿಡ ಕಾರಣವಿಲ್ಲದೆ ಸೊರಗುತ್ತಿದ್ದರೆ ನೀರನ್ನು ಮೆದುವಾಗಿಸುವ ಯಂತ್ರದತ್ತ ನೋಡಿ. ಅದು ಬೋರ್‌ವೆಲ್ ನೀರಿನ ಗಡಸು ತೆಗೆದು ಆ ಜಾಗದಲ್ಲಿ ಸೋಡಿಯಂ ಸೇರಿಸುತ್ತದೆ. ಮೈಗೆ, ಬಟ್ಟೆಗೆ ಅದು ಹಿತ. ಕುಂಡದ ಮಣ್ಣಿಗೆ ಹಿತವಲ್ಲ. ಯಂತ್ರಕ್ಕೆ ಹೋಗುವ ಮೊದಲಿನ ನಲ್ಲಿಯಿಂದ ನೀರು ಕೊಡಲು ಸಂಘದವರನ್ನು ಕೇಳಿ. ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಲವಣ ಕೂಡಿದೆ ಎಂದು ತಿಳಿದು, ಎ.ಸಿ. ನೀರು ಅಥವಾ ಮಳೆನೀರು ಹಾಯಿಸಿ ತಳದಿಂದ ಹರಿದುಹೋಗಲು ಬಿಡಿ.

ನೀರು ಹಾಕುವ ಹೊತ್ತು ಬೆಳಿಗ್ಗೆ ಎಂಟರೊಳಗೆ. ಮಧ್ಯಾಹ್ನ ತಾರಸಿಯ ಟ್ಯಾಂಕಿನ ನೀರು, ಅದರಲ್ಲೂ ಪೈಪಿನಲ್ಲಿ ನಿಂತದ್ದು, ಕೈ ಸುಡುವಷ್ಟು ಕಾದಿರುತ್ತದೆ. ಬೆರಳನ್ನು ಒಂದಿಂಚು ಮಣ್ಣಿಗಿಳಿಸಿ ತೇವವಿದ್ದರೆ ಆ ದಿನ ಬಿಡಿ. ಹಾಕಿದಾಗ ತಳದ ತೂತಿನಿಂದ ಹನಿ ಬರುವವರೆಗೆ ಹಾಕಿ. ಮೇಲ್ಮೇಲೆ ದಿನಕ್ಕೆರಡು ಸಲ ಚಿಮುಕಿಸಿದರೆ ಬೇರು ಮೇಲೆಯೇ ಉಳಿದು ಬಿಸಿಲಿಗೆ ಒಣಗುತ್ತದೆ. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ, ಸೊಳ್ಳೆ ಮರಿ ಮಾಡುತ್ತದೆ.

ಮಕ್ಕಳ ರಜೆಗೆ ಊರಿಗೆ ಹೊರಟಿರಾ? ಕುಂಡಗಳನ್ನೆಲ್ಲ ನೆರಳಿಗೆ ಸರಿಸಿ ಒತ್ತಾಗಿ ಜೋಡಿಸಿ, ಮೊಗ್ಗು, ಹೂ ತೆಗೆದು, ಚೆನ್ನಾಗಿ ನೀರುಣಿಸಿ. ನಡುವೆ ಮುಚ್ಚಳವಿರುವ ಬಕೆಟ್ ಇಟ್ಟು, ಮುಚ್ಚಳದ ತೂತಿನಿಂದ ಹತ್ತಿಬಟ್ಟೆಯ ಪಟ್ಟಿಗಳ ಒಂದು ತುದಿ ನೀರಿನಲ್ಲಿ, ಇನ್ನೊಂದು ತುದಿ ಮಣ್ಣಿನೊಳಗೆ ಇರುವಂತೆ ಹೂಳಿ. ಬಕೆಟ್ಟು ಕುಂಡಕ್ಕಿಂತ ಎತ್ತರದಲ್ಲಿರಲಿ.

ಕೀಟ ಕಂಡರೆ

ದಾಸವಾಳದ ಗಿಣ್ಣುಗಳಲ್ಲಿ ಹತ್ತಿಯಂಥ ಬಿಳಿ ಹಿಟ್ಟುತಿಗಣೆ ಬೇಸಿಗೆಯಲ್ಲೇ ಹೆಚ್ಚು. ಇರುವೆ ಸಾಲು ಗಿಡ ಹತ್ತುತ್ತಿದ್ದರೆ ಅದೇ ಮೊದಲ ಸುಳಿವು. ಸ್ವಲ್ಪವಿದ್ದಾಗಲೇ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಹೆಚ್ಚಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ದ್ರವ ಸೋಪು ಕಲಸಿ ವಾರಕ್ಕೊಮ್ಮೆ ಸಿಂಪಡಿಸಿ. ಸೂರ್ಯ ಮುಳುಗಿದ ಮೇಲೆಯೇ ಸಿಂಪಡಿಸಬೇಕು; ಬಿಸಿಲಿನಲ್ಲಿ ಎಲೆ ಸುಡುತ್ತದೆ, ಜೇನ್ನೊಣಗಳಿಗೂ ತೊಂದರೆ. ಎಲೆಯ ಮೇಲೆ ಸೂಜಿ ಚುಚ್ಚಿದಂತೆ ಹಳದಿ ಚುಕ್ಕೆಯಿದ್ದರೆ ಎಲೆಯ ಅಡಿ ನೋಡಿ, ಕೆಂಪು ನುಸಿ ಇರುತ್ತದೆ. ಎಲೆಯ ಕೆಳಬದಿಗೆ ನೀರು ರಾಚಿದರೆ ಅರ್ಧ ಹತೋಟಿಗೆ ಬರುತ್ತದೆ.

ಮೊಗ್ಗು ಉದುರಿದ್ದಕ್ಕೆಲ್ಲ ಕೀಟ ಕಾರಣವಲ್ಲ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದರೂ ದಾಸವಾಳ ಮೊಗ್ಗು ಕಳಚುತ್ತದೆ. ದೊಡ್ಡ ಹೂವಿನ ಹೈಬ್ರಿಡ್‌ಗಳಿಗೆ ಈ ಕಾಟ ಜಾಸ್ತಿ. ಐದೆಸಳಿನ ನಮ್ಮ ಕೆಂಪು ದಾಸವಾಳವೇ ಬೇಸಿಗೆಗೆ ನಂಬಿಕಸ್ಥ ಗಿಡ.

ಅಶ್ವಿನಿ, ಭರಣಿ ಮಳೆ ಬಂದಾಗ

ಏಪ್ರಿಲ್ ನಡುವಿನಿಂದ ಸಂಜೆ ಗುಡುಗಿನ ಮಳೆ ಶುರುವಾಗುತ್ತದೆ. ಅದಕ್ಕೆ ಮೊದಲು ಕುಂಡಗಳ ತಳದ ತೂತುಗಳನ್ನು ಕಡ್ಡಿಯಿಂದ ತಿವಿದು ಬಿಡಿಸಿ, ಸುಗಂಧರಾಜಕ್ಕೆ ಕೋಲು ಕಟ್ಟಿ. ಆಲಿಕಲ್ಲಿನ ಸೂಚನೆ ಕಂಡರೆ ಬೀಜದ ಸಸಿಗಳನ್ನು ಒಳಗಿಡಿ. ಫೆಬ್ರುವರಿಯಲ್ಲೇ ಮಳೆ ಲಿಲ್ಲಿಯ ಗೆಡ್ಡೆ ಹೂತಿಟ್ಟಿದ್ದರೆ ಒಳ್ಳೆಯ ಮಳೆಯಾದ ಕೆಲವೇ ದಿನಗಳಲ್ಲಿ ಒಟ್ಟಿಗೇ ಹೂ ಏಳುತ್ತವೆ. ನಲ್ಲಿ ನೀರು ಎಷ್ಟು ಹಾಕಿದರೂ ಆ ಉತ್ಸಾಹ ಬರುವುದಿಲ್ಲ. ಮೇ ತಿಂಗಳಲ್ಲಿ ಕೆಂಪು ಚೆಂಡಿನಂತೆ ಅರಳುವ ಬಾಲ್ ಲಿಲ್ಲಿ ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುವಂಥದ್ದು. ಚಳಿಗಾಲದಲ್ಲಿ ಎಲೆ ಒಣಗಿ ಕುಂಡ ಬರಿದಾಗಿ ಕಂಡರೆ ಸತ್ತಿತೆಂದು ಎಸೆಯಬೇಡಿ, ಗೆಡ್ಡೆ ಒಳಗೆ ಮಲಗಿರುತ್ತದೆ.

ಜೂನ್‌ನಲ್ಲಿ ಮುಂಗಾರು ಹಿಡಿಯುವ ಮುನ್ನ ಜೀನಿಯಾ, ಕಾಸ್ಮಾಸ್, ಸಂಜೆಮಲ್ಲಿಗೆಯ ಬೀಜ ತೆಗೆದಿಟ್ಟುಬಿಡಿ. ಗಿಡದ ಮೇಲೆಯೇ ಪೂರ್ತಿ ಒಣಗಿದ ಹೂವನ್ನು ಬಿಸಿಲಿರುವ ದಿನ ಕಿತ್ತು, ನೆರಳಿನಲ್ಲಿ ವಾರ ಆರಿಸಿ, ಕಾಗದದ ಲಕೋಟೆಗೆ ಹಾಕಿ. ಮಳೆ ಹಿಡಿದ ಮೇಲೆ ಕಿತ್ತರೆ ಬೂಸಲು ಬರುತ್ತದೆ. ಲಕೋಟೆಯ ಮೇಲೆ ಹೂವಿನ ಹೆಸರು, ಬಣ್ಣ, ತಿಂಗಳು ಬರೆಯಿರಿ. ಒಂದೇ ಜೀನಿಯಾ ಹೂವಿನಲ್ಲಿ ಪಕ್ಕದ ಮನೆಗೂ ಸಾಕಾಗುವಷ್ಟು ಬೀಜವಿರುತ್ತದೆ; ಅರ್ಧ ಅವರಿಗೆ ಕೊಟ್ಟು, ಅವರ ಮಲ್ಲಿಗೆಯ ಎರಡು ಕಡ್ಡಿ ಕೇಳಿ ತನ್ನಿ. ಮಳೆಗಾಲದ ತಂಪಿನಲ್ಲಿ ಅದು ಸುಲಭವಾಗಿ ಬೇರು ಬಿಡುತ್ತದೆ.