ಕಡಿಮೆ ಖರ್ಚಿನಲ್ಲಿ 1950ರ ದಶಕದ ಅಡುಗೆಮನೆ

ಹಳೆಯ ಕಾಲದ ಶೈಲಿಯಲ್ಲಿ ಅಡುಗೆಮನೆಯನ್ನು ಅಲಂಕರಿಸಲು ಹೊರಡುವವರು ಸಾಮಾನ್ಯವಾಗಿ ಮೊದಲು ಹುಡುಕುವುದು ಹಳೆಯ ವಸ್ತುಗಳನ್ನು: ತುಕ್ಕು ಹಿಡಿದಂತೆ ಕಾಣುವ ತಗಡಿನ ಫಲಕ, ಬೇಕೆಂದೇ ಬಣ್ಣ ಕೆರೆದ ಕಪಾಟು, ಕೆಲಸ ಮಾಡದ ರೇಡಿಯೊ. ನಾನು ಆರಿಸಿಕೊಂಡದ್ದು ಅಮೆರಿಕದ 1950ರ ದಶಕವನ್ನು. ಆ ಕಾಲದ ಅಡುಗೆಮನೆಗಳ ಚಿತ್ರಗಳನ್ನು ಗಮನವಿಟ್ಟು ನೋಡಿದರೆ ಅಲ್ಲಿ ಸವೆದದ್ದು, ಮಾಸಿದ್ದು ಯಾವುದೂ ಕಾಣುವುದಿಲ್ಲ. ಯುದ್ಧ ಮುಗಿದ ಮೇಲಿನ ಆ ವರ್ಷಗಳಲ್ಲಿ ಜನ ಆಸೆಪಟ್ಟು ಕೊಂಡದ್ದು ಹೊಳೆಯುವ ಕ್ರೋಮ್, ಒರೆಸಿದೊಡನೆ ಸ್ವಚ್ಛವಾಗುವ ಲ್ಯಾಮಿನೇಟ್ ಮತ್ತು ತಿಳಿಬಣ್ಣದ ಎನಾಮಲ್. ಇದನ್ನು ಮನಗಂಡ ಮೇಲೆ ನನ್ನ ಹಣ ಎಲ್ಲಿಗೆ ಹೋಗಬೇಕೆಂಬುದು ಸ್ಪಷ್ಟವಾಯಿತು. ಸಂಗ್ರಹಕಾರರ ಬೆಲೆ ತೆತ್ತು ಹಳೆಯ ಸಾಮಾನು ಕೊಳ್ಳುವುದಕ್ಕಿಂತ, ಕಣ್ಣಿಗೆ ಮೊದಲು ಬೀಳುವ ಕಪಾಟಿನ ಬಾಗಿಲು, ನೆಲ, ಕಟ್ಟೆಯ ಅಂಚುಗಳನ್ನು ಹೊಸದಾಗಿಸುವುದೇ ಈ ಶೈಲಿಗೆ ಹತ್ತಿರದ ದಾರಿ.

ಸಣ್ಣ ಬಜೆಟ್ಟಿಗೆ ಇದು ಒಗ್ಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಈ ಶೈಲಿಯ ಮುಖ್ಯ ಸಾಮಗ್ರಿಗಳೆಲ್ಲ ದುಬಾರಿ ವಸ್ತುಗಳಿಗೆ ಬದಲಿಯಾಗಿ ಸಾಮಾನ್ಯ ಮನೆಗಳನ್ನು ಸೇರಿದಂಥವು. 1860ರ ದಶಕದಲ್ಲಿ ಫ್ರೆಡರಿಕ್ ವಾಲ್ಟನ್ ರೂಪಿಸಿದ ಲಿನೋಲಿಯಂ, ಅಗಸೆ ಎಣ್ಣೆಯನ್ನು ಗಟ್ಟಿಗೊಳಿಸಿ ಕಾರ್ಕ್ ಪುಡಿ ಅಥವಾ ಮರದ ಹೊಟ್ಟಿನೊಂದಿಗೆ ಬೆರೆಸಿ ಬಟ್ಟೆಯ ಮೇಲೆ ಹರಡಿದ ಹಾಸು. ವಿದ್ಯುತ್ ಉಪಕರಣಗಳ ನಿರೋಧಕವಾಗಿ 1913ರ ಸುಮಾರಿಗೆ ಹುಟ್ಟಿದ ಫಾರ್ಮಿಕಾ ಎಂಬ ಲ್ಯಾಮಿನೇಟ್ ಮುಂದೆ ಮೇಜು, ಕಟ್ಟೆಗಳ ಮೇಲೆ ಕಲ್ಲು ಮತ್ತು ಮರದ ಜಾಗವನ್ನು ಹಿಡಿಯಿತು. ಆದ್ದರಿಂದ ಇಲ್ಲಿ ವಿನೈಲ್ ಹಾಸನ್ನೋ ಲ್ಯಾಮಿನೇಟ್ ಹಾಳೆಯನ್ನೋ ಬಳಸಿದರೆ ಅಗ್ಗದ ಅನುಕರಣೆ ಮಾಡಿದೆನೆಂದು ಸಂಕೋಚಪಡಬೇಕಾಗಿಲ್ಲ.

ಬಣ್ಣದ ವಿಷಯದಲ್ಲಿ ಒಂದೇ ದಶಕಕ್ಕೆ ಕಟ್ಟುಬೀಳುವುದು ಅಗತ್ಯ. ತಿಳಿ ಪುದೀನ ಹಸಿರು, ಮಾಸಲು ಗುಲಾಬಿ, ನೀಲಿ ಬೆರೆತ ಹಸಿರು, ಬೆಣ್ಣೆಯ ಹಳದಿ ಇವೆಲ್ಲ ಐವತ್ತರ ದಶಕದವು. ಆವಕಾಡೊ ಹಸಿರು, ಕಂದುಮಿಶ್ರಿತ ಹಳದಿ ಮತ್ತು ಗಾಢ ಕಿತ್ತಳೆ ಎಪ್ಪತ್ತರ ದಶಕದವು. ಎರಡನ್ನೂ ಒಂದೇ ಕೋಣೆಗೆ ತಂದರೆ ಯಾವ ಕಾಲವೂ ಗುರುತಿಗೆ ಸಿಗುವುದಿಲ್ಲ. ನಾನು ಕೆಳಗಿನ ಕಪಾಟುಗಳಿಗೆ ಪುದೀನ ಹಸಿರನ್ನೂ ಮೇಲಿನವುಗಳಿಗೆ ಕೆನೆ ಬಿಳಿಯನ್ನೂ ಆರಿಸಿ, ಕೆಂಪನ್ನು ಹಿಡಿಕೆ, ಗಡಿಯಾರ, ಡಬ್ಬಿಗಳಂಥ ಸಣ್ಣ ವಸ್ತುಗಳಿಗೆ ಮಾತ್ರ ಉಳಿಸಿಕೊಂಡೆ. ಗಾಢ ಬಣ್ಣ ಕೆಳಗಿದ್ದು ತಿಳಿ ಬಣ್ಣ ಮೇಲಿದ್ದರೆ ಇಕ್ಕಟ್ಟಾದ ಕೋಣೆಯೂ ತುಸು ಎತ್ತರವಾಗಿ ಕಾಣುತ್ತದೆ.

ಶ್ರಮದ ಬಹುಪಾಲು ಹೋದದ್ದು ಕಪಾಟಿನ ಬಾಗಿಲುಗಳಿಗೆ, ಹೋಗಬೇಕಾದದ್ದೂ ಅಲ್ಲಿಗೇ. ನನ್ನವು ನುಣುಪಾದ ಲ್ಯಾಮಿನೇಟ್ ಹೊದಿಸಿದ ಬಾಗಿಲುಗಳು. ಅವು ಬಣ್ಣವನ್ನು ಹೀರಿಕೊಳ್ಳುವುದಿಲ್ಲವಾದ್ದರಿಂದ ಮೇಲ್ಮೈಯ ತಯಾರಿಯೇ ಇಡೀ ಕೆಲಸದ ಜೀವಾಳ. ಮೊದಲು ಪ್ರತಿ ಬಾಗಿಲನ್ನೂ ಕಳಚಿ, ಬಿಜಾಗರಿ ಕೂರುವ ಜಾಗದಲ್ಲಿ ಸಂಖ್ಯೆ ಬರೆದು ಅದರ ಮೇಲೆ ಟೇಪು ಅಂಟಿಸಿದೆ. ಆ ಜಾಗಕ್ಕೆ ಬಣ್ಣ ತಾಗುವುದಿಲ್ಲವಾದ್ದರಿಂದ ಸಂಖ್ಯೆ ಕೊನೆಯವರೆಗೂ ಉಳಿಯುತ್ತದೆ. ಆ ಬಳಿಕ ಬಿಸಿನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡಾದಿಂದ ಜಿಡ್ಡನ್ನು ತೊಳೆದು, ಸೋಡಾದ ಅಂಶ ಉಳಿಯದಂತೆ ಬರಿನೀರಿನಲ್ಲಿ ಮತ್ತೆ ಒರೆಸಿ ಒಣಗಿಸಿದೆ. ಒಲೆಯ ಅಕ್ಕಪಕ್ಕದ ಬಾಗಿಲುಗಳಲ್ಲಿ ಕಣ್ಣಿಗೆ ಕಾಣದ ಎಣ್ಣೆಯ ಪದರವಿರುತ್ತದೆ. ಮರಳುಕಾಗದದಿಂದ ಉಜ್ಜುವ ಮೊದಲೇ ಅದನ್ನು ತೆಗೆಯದಿದ್ದರೆ ಉಜ್ಜುವಿಕೆಯೇ ಜಿಡ್ಡನ್ನು ಇಡೀ ಬಾಗಿಲಿಗೆ ಹರಡುತ್ತದೆ. 220 ಸಂಖ್ಯೆಯ ಮರಳುಕಾಗದದಿಂದ ಹೊಳಪು ಹೋಗುವಷ್ಟೇ ಉಜ್ಜಿ, ಧೂಳು ಒರೆಸಿ, ನುಣುಪು ಮೇಲ್ಮೈಗೆ ಅಂಟಿಕೊಳ್ಳುವಂಥ ಪ್ರೈಮರನ್ನು ಬಳಿದೆ. ಸಾಧಾರಣ ಗೋಡೆಯ ಪ್ರೈಮರು ಇಲ್ಲಿ ಉಗುರು ತಾಗಿದರೂ ಸಿಪ್ಪೆಯಂತೆ ಎದ್ದುಬರುತ್ತದೆ. ಒಂದು ದಪ್ಪ ಲೇಪಕ್ಕಿಂತ ಸಣ್ಣ ಫೋಮ್ ರೋಲರಿನಿಂದ ಕೊಟ್ಟ ತೆಳು ಲೇಪಗಳು ಎನಾಮಲ್ಲಿನ ನಯಕ್ಕೆ ಹತ್ತಿರ ಬರುತ್ತವೆ. ಮುಟ್ಟಿದರೆ ಅಂಟದಿರುವುದು ಬೇರೆ, ಒಳಗಿನಿಂದ ಗಟ್ಟಿಯಾಗುವುದು ಬೇರೆ. ಎರಡನೆಯದಕ್ಕೆ ಕೆಲವು ವಾರಗಳೇ ಬೇಕಾಗುವುದರಿಂದ ಅಲ್ಲಿಯವರೆಗೆ ಬಾಗಿಲುಗಳನ್ನು ಒದ್ದೆ ಬಟ್ಟೆಯಿಂದ ತಿಕ್ಕುವುದಾಗಲಿ, ಬಣ್ಣ ಬಳಿದ ಹಲಗೆಗಳ ಮೇಲೆ ಭಾರದ ಪಾತ್ರೆ ಇಡುವುದಾಗಲಿ ಸಲ್ಲದು.

ಹಳೆಯ ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕುವವರು ಒಂದು ಎಚ್ಚರ ವಹಿಸಬೇಕು. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಾಧ್ಯತೆಯಿದೆ. ಅಮೆರಿಕದಲ್ಲೇ ಮನೆಬಣ್ಣಗಳಲ್ಲಿ ಅದನ್ನು ನಿಷೇಧಿಸಿದ್ದು 1978ರಲ್ಲಿ. ಅನುಮಾನವಿದ್ದರೆ ಪರೀಕ್ಷಿಸದೆ ಒಣದಾಗಿ ಉಜ್ಜಬಾರದು.

ಹಿಡಿಕೆಗಳನ್ನು ಕೊಳ್ಳುವ ಮುನ್ನ ಹಳೆಯ ಹಿಡಿಕೆಯ ಎರಡು ತೂತುಗಳ ನಡುವಿನ ಅಂತರವನ್ನು ಅಳೆದುಕೊಂಡೆ. 96 ಅಥವಾ 128 ಮಿಲಿಮೀಟರಿನಂಥ ಸಾಮಾನ್ಯ ಅಳತೆಯಿದ್ದರೆ ಅದೇ ತೂತುಗಳಿಗೆ ಹೊಸ ಹಿಡಿಕೆ ಕೂರುತ್ತದೆ, ಪುಟ್ಟಿ ತುಂಬುವ ಕೆಲಸ ತಪ್ಪುತ್ತದೆ. ಅಳತೆ ಕೂಡದ ಕಡೆ ಹಿಂಬದಿಯ ತಟ್ಟೆಯಿರುವ ಹಿಡಿಕೆ ಹಾಕಿದರೆ ಹಳೆಯ ತೂತು ಮುಚ್ಚಿಹೋಗುತ್ತದೆ, ಅಂಥ ತಟ್ಟೆಗಳು ಆ ಕಾಲಕ್ಕೂ ಸಲ್ಲುತ್ತವೆ.

ಕಟ್ಟೆಯನ್ನು ಬದಲಾಯಿಸುವಷ್ಟು ಹಣ ನನ್ನಲ್ಲಿರಲಿಲ್ಲ. ಆದರೆ ಐವತ್ತರ ದಶಕದ ಕಟ್ಟೆಯನ್ನು ದೂರದಿಂದಲೇ ಗುರುತಿಸುವಂತೆ ಮಾಡುತ್ತಿದ್ದದ್ದು ಅದರ ಮೇಲ್ಮೈಗಿಂತ ಹೆಚ್ಚಾಗಿ, ಅಂಚಿನುದ್ದಕ್ಕೂ ಓಡುತ್ತಿದ್ದ ಗೀರುಗೀರಿನ ಅಲ್ಯೂಮಿನಿಯಂ ಪಟ್ಟಿ. ಈ ಪಟ್ಟಿ ಮೀಟರಿನ ಲೆಕ್ಕದಲ್ಲಿ ಈಗಲೂ ದೊರೆಯುತ್ತದೆ. ಸಣ್ಣ ಹಲ್ಲಿನ ಗರಗಸದಿಂದ ಕತ್ತರಿಸಿ, ಮೂಲೆಗಳಲ್ಲಿ 45 ಡಿಗ್ರಿಗೆ ಕೂಡಿಸಿ, ಕತ್ತರಿಸಿದ ತುದಿಗಳನ್ನು ಅರದಿಂದ ನಯಗೊಳಿಸಿ ಕೂರಿಸಿದೆ. ಖರ್ಚಾದ ಹಣಕ್ಕೆ ಹೋಲಿಸಿದರೆ ಇಡೀ ಕೋಣೆಯಲ್ಲಿ ಇಷ್ಟು ಬದಲಾವಣೆ ತಂದ ಕೆಲಸ ಇನ್ನೊಂದಿಲ್ಲ.

ನೆಲಕ್ಕೆ ಎರಡು ಬಣ್ಣದ ಚೌಕಗಳ ವಿನೈಲ್ ಹಾಸನ್ನು ಬಳಸಿದೆ. ಎಲ್ಲರೂ ಹೇಳುವ ಕಪ್ಪು ಬಿಳುಪಿನ ಜೋಡಿಯನ್ನು ನಾನು ಒಪ್ಪಲಿಲ್ಲ. ಕಪ್ಪಿನ ಮೇಲೆ ಧೂಳು ಎದ್ದು ಕಾಣುತ್ತದೆ, ಬಿಳಿಯ ಮೇಲೆ ಬಿದ್ದ ಪ್ರತಿ ಹನಿಯೂ ಕಾಣುತ್ತದೆ. ಬೂದು ಮತ್ತು ಕೆನೆಬಣ್ಣ ಅದೇ ಭಾವವನ್ನು ಕೊಟ್ಟು ದಿನನಿತ್ಯದ ಬಳಕೆಯನ್ನೂ ತಾಳಿಕೊಳ್ಳುತ್ತವೆ. ಆ ಕಾಲದಲ್ಲಿ 9 ಅಂಗುಲದ ಚೌಕಗಳು ಸಾಮಾನ್ಯವಾಗಿದ್ದವು, ಸಣ್ಣ ಕೋಣೆಗೆ ಅವೇ ಚೆಂದ. ಗೋಡೆಗಳು ನೇರವಾಗಿರುವುದು ಅಪರೂಪವಾದ್ದರಿಂದ ಗೋಡೆಯಿಂದ ಪ್ರಾರಂಭಿಸದೆ, ಎದುರು ಗೋಡೆಗಳ ನಡುಬಿಂದುಗಳನ್ನು ಸುಣ್ಣದ ದಾರದಿಂದ ಸೇರಿಸಿ, ಗೆರೆಗಳು ಕೂಡುವ ಮಧ್ಯದಿಂದ ಹೊರಕ್ಕೆ ಹಾಸುತ್ತ ಹೋಗಬೇಕು. ಆಗ ಕತ್ತರಿಸಿದ ತುಂಡುಗಳು ಎರಡೂ ಬದಿಗೆ ಸಮನಾಗಿ ಬರುತ್ತವೆ. ಹಾಸುವಾಗ ಕೆಳಗೆ ಹಳೆಯ 9 ಅಂಗುಲದ ಟೈಲುಗಳೇ ಸಿಕ್ಕರೆ ಅವುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಒಡೆಯುವುದು, ಉಜ್ಜುವುದು ಬಿಟ್ಟು, ಗಟ್ಟಿಯಾಗಿ ಕೂತಿದ್ದರೆ ಹಾಗೆಯೇ ಮೇಲೆ ಹೊದಿಸುವುದು ಕ್ಷೇಮ.

ದೀಪದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಹಾಲುಗಾಜಿನ ಗೋಳ ಮತ್ತು 2700 ಕೆಲ್ವಿನ್ನಿನ, ಅಂದರೆ ಹಳದಿ ಛಾಯೆಯ, ಎಲ್‌ಇಡಿ ಬಲ್ಬು ಸಾಕು. 6500 ಕೆಲ್ವಿನ್ನಿನ ನೀಲಿ ಬಿಳುಪಿನ ಬೆಳಕಿನಲ್ಲಿ ಪುದೀನ ಹಸಿರು ಆಸ್ಪತ್ರೆಯ ಗೋಡೆಯ ಬಣ್ಣವಾಗಿಬಿಡುತ್ತದೆ. ಬಣ್ಣದ ಮಾದರಿಯನ್ನು ಮನೆಯ ದೀಪದಡಿಯಲ್ಲೇ ನೋಡಿ ಆರಿಸಬೇಕೆನ್ನುವುದೂ ಇದಕ್ಕಾಗಿಯೇ.

ಫ್ರಿಜ್ಜನ್ನು ಮುಟ್ಟಲಿಲ್ಲ. ದುಂಡು ಭುಜದ ಹೊಸ ಫ್ರಿಜ್ಜಿನ ಬೆಲೆಯಲ್ಲಿ ಉಳಿದೆಲ್ಲ ಕೆಲಸವೂ ಮುಗಿದು ಹಣ ಮಿಗುತ್ತಿತ್ತು, ಮೇಲಾಗಿ ಬಿಳಿಯ ಸಾದಾ ಫ್ರಿಜ್ಜು ಯಾವ ದಶಕಕ್ಕೂ ಅಡ್ಡಿಯಾಗುವುದಿಲ್ಲ. ಹಳೆಯ ವಸ್ತುಗಳಲ್ಲಿ ನಾನು ಕೊಂಡದ್ದು ಬಳಕೆಗೆ ಬರುವವುಗಳನ್ನು ಮಾತ್ರ. ಎನಾಮಲ್ ಪಾತ್ರೆಯ ಒಳಬದಿಯಲ್ಲಿ ಚಕ್ಕೆ ಎದ್ದಿದ್ದರೆ ಕೊಳ್ಳಲಿಲ್ಲ. ಹೊರಮೈಯಲ್ಲಿ ಬಣ್ಣದ ಚಿತ್ತಾರವಿರುವ ಹಳೆಯ ಗಾಜಿನ ಲೋಟಗಳ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಅವು ಹಲಗೆಯ ಮೇಲಿನ ಶೋಭೆಗಷ್ಟೆ. ಬಟ್ಟೆ ಸುತ್ತಿದ ತಂತಿಯ ಹಳೆಯ ವಿದ್ಯುತ್ ಉಪಕರಣಗಳನ್ನಂತೂ, ವೈರಿಂಗ್ ಪೂರ್ತಿ ಬದಲಿಸುವವರೆಗೆ, ಪ್ಲಗ್ಗಿಗೆ ಹಾಕಲೇಬಾರದು.

ಕೊನೆಗೆ ಉಳಿದದ್ದು ಮಡಚುವ ಒಂದು ಸಾದಾ ಮೇಜು. ಫಾರ್ಮಿಕಾ ಕಂಪನಿಗಾಗಿ ವಿನ್ಯಾಸಗಾರ ಬ್ರೂಕ್ಸ್ ಸ್ಟೀವನ್ಸ್ 1950ರಲ್ಲಿ ರೂಪಿಸಿದ ‘ಸ್ಕೈಲಾರ್ಕ್’ ವಿನ್ಯಾಸದ ಬೂಮರಾಂಗ್ ಆಕಾರಗಳು ನನ್ನ ಮನಸ್ಸಿನಲ್ಲಿದ್ದವು. ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ನನ್ನದೇ ಅಂಥದೊಂದು ಆಕಾರವನ್ನು ಕೊರೆದು, ಅಚ್ಚನ್ನು ಒಂದೊಂದು ಬಾರಿಯೂ ಬೇರೆ ಕೋನಕ್ಕೆ ತಿರುಗಿಸಿ, ಕೆನೆಬಣ್ಣದ ಮೇಲೆ ಬೂದು ಮತ್ತು ಹಸಿರಿನಲ್ಲಿ ಒತ್ತಿದೆ. ಕುಂಚದಲ್ಲಿ ಬಣ್ಣ ಕಡಿಮೆಯಿದ್ದಷ್ಟೂ ಅಂಚು ಚೊಕ್ಕಟವಾಗಿ ಬರುತ್ತದೆ. ರಕ್ಷಣೆಗೆ ನೀರಿನಲ್ಲಿ ಬೆರೆಯುವ ಪಾಲಿಯುರೆಥೇನ್ ವಾರ್ನಿಷನ್ನೇ ಬಳಸಿದೆ, ಏಕೆಂದರೆ ಎಣ್ಣೆಯ ವಾರ್ನಿಷು ಕಾಲಕ್ರಮೇಣ ಹಳದಿಗೆ ತಿರುಗಿ ಕೆನೆಬಣ್ಣವನ್ನು ಕೆಡಿಸುತ್ತದೆ. ಮಿಕ್ಕ ಬಣ್ಣಗಳನ್ನು ಗಾಳಿಯಾಡದ ಪುಟ್ಟ ಗಾಜಿನ ಶೀಶೆಗಳಿಗೆ ಬಗ್ಗಿಸಿ, ಬಣ್ಣದ ಸಂಖ್ಯೆಯನ್ನೂ ಬಳಸಿದ ಜಾಗವನ್ನೂ ಚೀಟಿಯ ಮೇಲೆ ಬರೆದು ಅಂಟಿಸಿಟ್ಟಿದ್ದೇನೆ. ಹಿಡಿಕೆಗಳ ಸುತ್ತ ಬಣ್ಣ ಬೇಗ ಸವೆಯುತ್ತದೆ, ಸಣ್ಣ ಕುಂಚದಿಂದ ಆಗಾಗ ತಿದ್ದಲು ಅಷ್ಟೇ ಸಾಕಾಗುತ್ತದೆ.