ಮೇ ತಿಂಗಳ ಊಟಿ, ಕಾರಿಲ್ಲದೆ: ದೋಣಿ ಸ್ಪರ್ಧೆಗೆ ಹೋಗಿ ಬಹುಮಾನ ತಂದ ನನ್ನ ಅನುಭವ

ಮೇ ತಿಂಗಳಲ್ಲೇ ಊಟಿಗೆ ಹೋಗಬೇಕು. ಕಾರು ತಗೊಂಡು ಹೋಗಬಾರದು. ಊಟಿಯಲ್ಲಿ ರೂಮು ಮಾಡಬಾರದು. ಶನಿವಾರ, ಭಾನುವಾರ ಕೆರೆಯ ಹತ್ತಿರ ಸುಳಿಯಬಾರದು. ಹೀಗೆಂದಾಗ ನಮ್ಮ ಮನೆಯಲ್ಲಿ ಒಬ್ಬರೂ ಒಪ್ಪಲಿಲ್ಲ. ಭಾವ ಅಂತೂ, "ಸೀಸನ್‌ನಲ್ಲಿ ಬಸ್ಸಲ್ಲಿ ಊಟಿಗಾ? ಗೂಡಲೂರಿನಿಂದಲೇ ವಾಪಸ್ ಬರ್ತೀರಿ ನೋಡಿ" ಅಂದರು. ಊಟಿ ಕೆರೆಯ ತುಳಿಯುವ ದೋಣಿ (ಪೆಡಲ್ ಬೋಟ್) ಸ್ಪರ್ಧೆಗೆ ಹೆಸರು ಕೊಡ್ತೀವಿ ಅಂದಾಗ ಆಫೀಸಿನಲ್ಲಿ ನಕ್ಕರು. ನಾನು ಮತ್ತು ನನ್ನ ನಾದಿನಿ, ಇಬ್ಬರಿಗೂ ನಲವತ್ತು ದಾಟಿದೆ. ಹೋದೆವು, ತುಳಿದೆವು, ಹೆಂಗಸರ ಜೋಡಿ ವಿಭಾಗದಲ್ಲಿ ಎರಡನೇ ಬಹುಮಾನ ತಂದೆವು. ಶೀಲ್ಡು ಈಗ ಟಿವಿ ಪಕ್ಕದಲ್ಲಿದೆ. ಕೇಳುವವರು ಜಾಸ್ತಿ ಆದರು, ಅದಕ್ಕೇ ಬರೆಯುತ್ತಿದ್ದೇನೆ.

ಊಟಿ ಗೊತ್ತಿಲ್ಲದವರು ಮೈಸೂರು ಕಡೆ ಯಾರೂ ಇಲ್ಲ, ಆದ್ದರಿಂದ ಕೆರೆ ಎಲ್ಲಿದೆ, ಬೋಟ್ ಹೌಸ್ ಎಂಥದ್ದು ಅಂತ ವಿವರಿಸಲ್ಲ. ಮೇ ತಿಂಗಳಲ್ಲಿ ಅಲ್ಲಿ ನಡೆಯುವ ಬೇಸಿಗೆ ಹಬ್ಬ ಅಂದರೆ ಬೊಟಾನಿಕಲ್ ಗಾರ್ಡನ್ನಿನ ಪುಷ್ಪ ಪ್ರದರ್ಶನ ಮಾತ್ರ ಅಂದುಕೊಂಡವರೇ ಹೆಚ್ಚು. ಗುಲಾಬಿ ತೋಟದ ಪ್ರದರ್ಶನ, ಕೂನೂರಿನ ಸಿಮ್ಸ್ ಪಾರ್ಕಿನಲ್ಲಿ ಹಣ್ಣು, ಕೋಟಗಿರಿಯಲ್ಲಿ ತರಕಾರಿ, ಇವೆಲ್ಲ ಇರುತ್ತವೆ. ಆದರೆ ನೋಡಬೇಕಾದದ್ದು ಕೆರೆಯ ದೋಣಿ ಸ್ಪರ್ಧೆ. ಉಳಿದ ಕಡೆ ದುಡ್ಡು ಕೊಟ್ಟು ನಿಂತು ನೋಡುತ್ತೇವೆ. ಇಲ್ಲಿ ನಾವೇ ಇಳಿಯಬಹುದು. ಊರಿನವರು, ಪ್ರವಾಸಿಗರು, ಬೋಟ್ ಹೌಸ್ ಸಿಬ್ಬಂದಿ, ಪತ್ರಕರ್ತರು, ಗಂಡ-ಹೆಂಡತಿ ಜೋಡಿ, ಹೀಗೆ ಬೇರೆ ಬೇರೆ ಗುಂಪು ಮಾಡಿ ಓಡಿಸುತ್ತಾರೆ.

ಮೊದಲು ಹಳೆಯ ಕಥೆ ಹೇಳಿಬಿಡುತ್ತೇನೆ, ದುಡ್ಡು ಎಲ್ಲಿ ಹೋಗುತ್ತಿತ್ತು ಅಂತ ಗೊತ್ತಾಗಲಿ. ಕೆಲವು ವರ್ಷಗಳ ಹಿಂದೆ ನಾಲ್ಕು ಜನ ಕಾರಿನಲ್ಲಿ ಹೋಗಿದ್ದೆವು. ಎರಡು ರಾತ್ರಿ. ಪುಷ್ಪ ಪ್ರದರ್ಶನದ ವಾರ ಅಂತ ರೂಮಿಗೆ ಐದು ಸಾವಿರದ ಲೆಕ್ಕ, ಎರಡು ರೂಮು. ಅಲ್ಲಿಗೇ 20,000. ಪೆಟ್ರೋಲು, ಪಾರ್ಕಿಂಗು 4,000 ಹತ್ತಿರ. ಊಟ-ತಿಂಡಿ 5,000. ಒಟ್ಟು 29,000ದ ಆಸುಪಾಸು. ಫೋಟೋದಲ್ಲಿ ಕೆರೆ ಕಾಣುವ ರೂಮು ತೋರಿಸಿದ್ದರು, ಕೊಟ್ಟದ್ದು ಹಿಂದಿನ ಗೋಡೆ ಕಾಣುವ ರೂಮು. ಜಗಳ ಆಡಿದ್ದಕ್ಕೆ ಒಂದು ಬಕೆಟ್ ಬಿಸಿನೀರು ಹೆಚ್ಚಿಗೆ ಸಿಕ್ಕಿತು ಅಷ್ಟೇ. ಚೇರಿಂಗ್ ಕ್ರಾಸ್‌ನಲ್ಲಿ ಕಾರು ನಿಂತೇ ಇತ್ತು. ಬೋಟ್ ಹೌಸ್ ತಲುಪುವಷ್ಟರಲ್ಲಿ ಸ್ಪರ್ಧೆ ಮುಗಿದು ಶಾಮಿಯಾನ ಬಿಚ್ಚುತ್ತಿದ್ದರು. ಇನ್ನೊಂದು ವರ್ಷ ಮೆಟ್ಟುಪಾಳ್ಯಂ ಕಡೆಯಿಂದ ಪ್ರಯತ್ನಿಸಿದೆವು. ಸೀಸನ್‌ನಲ್ಲಿ ಆ ಕಡೆ ಹತ್ತುವುದು ಕೂನೂರು ದಾರಿ, ಇಳಿಯುವುದು ಕೋಟಗಿರಿ ದಾರಿ ಅಂತ ಒನ್ ವೇ ಮಾಡುತ್ತಾರೆ. ಸುತ್ತು ಹೆಚ್ಚಾಯಿತು, ಉಪಯೋಗ ಆಗಲಿಲ್ಲ.

ಈಗ ಹೊರಗಿನ ವಾಹನಗಳು ನೀಲಗಿರಿಗೆ ಬರಲು ಮೊದಲೇ ತೆಗೆದುಕೊಳ್ಳಬೇಕಾದ ಇ-ಪಾಸ್ ಬೇರೆ ಇದೆ. 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ ಶುರುವಾಯಿತು. 2025ರ ಏಪ್ರಿಲ್‌ನಿಂದ ನೀಲಗಿರಿಗೆ ವಾರದ ದಿನ 6,000, ವಾರದ ಕೊನೆಗೆ 8,000 ವಾಹನ ಅಂತ ಮಿತಿ ಹಾಕಿದರು. ಎಲ್ಲರೂ ಬೈಯುತ್ತಾರೆ. ನನಗೆ ಅದರಿಂದಲೇ ದಾರಿ ತೆರೆಯಿತು. ಯಾಕೆಂದರೆ ಸರ್ಕಾರಿ ಬಸ್ಸಿಗೆ ಈ ಪಾಸ್ ಬೇಡ, ರೈಲಿಗೂ ಬೇಡ. ಕಾರಿನವರು ಪಾಸ್ ಸಿಗದೆ ಮನೆಯಲ್ಲಿ ಕೂತಾಗ ಬಸ್ಸಿನವರು ನೆಮ್ಮದಿಯಾಗಿ ಹೋಗಬಹುದು.

ನಾವು ಮಾಡಿದ್ದು ಇಷ್ಟು. ಮೈಸೂರಿನಿಂದ ಬೆಳಗಿನ ಮೊದಲ ಬಸ್ಸುಗಳಲ್ಲಿ ಒಂದನ್ನು ಹಿಡಿದೆವು. ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಗೇಟು ತೆಗೆದ ಸ್ವಲ್ಪ ಹೊತ್ತಿಗೆ ದಾಟುವ ಬಸ್ಸು ಬೇಕು. ತೆಪ್ಪಕಾಡು, ಗೂಡಲೂರು, ಮಧ್ಯಾಹ್ನದೊಳಗೆ ಊಟಿ ಬಸ್ ಸ್ಟ್ಯಾಂಡ್. ರೈಲು ನಿಲ್ದಾಣ ಪಕ್ಕದಲ್ಲೇ. ಅಲ್ಲಿಂದ ಕೂನೂರು ಕಡೆ ಹೋಗುವ ಗಾಡಿ ಹತ್ತಿ ಕೇತ್ತಿಯಲ್ಲಿ ಇಳಿದೆವು. ಲವ್‌ಡೇಲ್ ಆದ ಮೇಲಿನ ಸ್ಟೇಷನ್ನು. ರಿಸರ್ವೇಷನ್ ಸಿಗದೆ ಜನ ಅಳುವುದು ಮೆಟ್ಟುಪಾಳ್ಯಂನಿಂದ ಬರುವ ಉಗಿ ಬಂಡಿಗೆ. ಕೂನೂರು-ಊಟಿ ನಡುವೆ ಡೀಸೆಲ್ ಎಂಜಿನ್ನಿನ ಗಾಡಿಗಳು ದಿನಕ್ಕೆ ಹಲವು ಸಲ ಓಡಾಡುತ್ತವೆ. ಸಾಮಾನ್ಯ ಟಿಕೆಟ್ಟಿಗೆ ಒಬ್ಬರಿಗೆ ಐವತ್ತು ರೂಪಾಯಿಯೂ ಆಗಲಿಲ್ಲ. ಅರ್ಧ ಗಂಟೆ ಮೊದಲೇ ಸರದಿಯಲ್ಲಿ ನಿಲ್ಲಬೇಕು ಅಷ್ಟೇ.

ಕೇತ್ತಿಯಲ್ಲಿ ಒಂದು ಬಡಗರ (ನೀಲಗಿರಿಯ ಒಂದು ಸಮುದಾಯ) ಮನೆಯ ಮೇಲಿನ ರೂಮು. ರಾತ್ರಿಗೆ 1,500, ಬೆಳಗಿನ ತಿಂಡಿ ಸೇರಿ. ಅವರು ಬಡಗ ಮಾತಾಡುತ್ತಾರೆ, ನಾವು ಕನ್ನಡ. ನಿಧಾನವಾಗಿ ಮಾತಾಡಿದರೆ ದರ ಇಳಿಸಿಕೊಳ್ಳುವಷ್ಟು ಅರ್ಥವಾಗುತ್ತದೆ. ಮನೆ ಯಾವುದು ಅಂತ ಮಾತ್ರ ಕೇಳಬೇಡಿ. ಇರುವುದು ಎರಡೇ ರೂಮು, ಮುಂದಿನ ವರ್ಷ ನನಗೂ ಬೇಕು.

ಖರ್ಚಿನಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದ್ದೆ. ಶಕ್ತಿ ಯೋಜನೆಯಲ್ಲಿ ಗುಂಡ್ಲುಪೇಟೆವರೆಗೆ ನಮಗೆ ಟಿಕೆಟ್ಟಿಲ್ಲ. ಅಲ್ಲಿ ಇಳಿದು ಊಟಿ ಬಸ್ಸು ಹತ್ತಿದರೆ ಉಳಿತಾಯ ಅಲ್ವಾ ಅಂತ ಒಂದು ಸಲ ಹಾಗೇ ಹೋದೆ. ತಲೆಗೆ ನೂರು ರೂಪಾಯಿ ಚಿಲ್ಲರೆ ಉಳಿಯಿತು. ಆದರೆ ಮೈಸೂರಿನಿಂದ ಬಂದ ಬಸ್ಸು ತುಂಬಿತ್ತು, ಗೂಡಲೂರಿನವರೆಗೆ ಕಂಬಿ ಹಿಡಿದು ನಿಂತೆ. ಘಾಟಿಯ ಮೊದಲು ಕಾಲಿನ ಶಕ್ತಿ ಹೋದರೆ ಸ್ಪರ್ಧೆಗೆ ಏನು ಉಳಿಯುತ್ತದೆ? ಈಗ ಮೈಸೂರಿನಿಂದಲೇ ಸೀಟು ಕಾದಿರಿಸುತ್ತೇನೆ.

ಇನ್ನು ದೋಣಿಯ ವಿಷಯ. ನನಗೆ ಇಷ್ಟವಾದದ್ದು ಇದೇ.

ತುಳಿಯುವ ದೋಣಿಯಲ್ಲಿ ಕಾಲಿನ ಬಲ ಇದ್ದವರು ಗೆಲ್ಲುತ್ತಾರೆ ಅಂತ ಎಲ್ಲರೂ ತಿಳಿದಿದ್ದಾರೆ. ಹಾಗಿಲ್ಲ. ನಾವು ಮೈಸೂರಿನ ಕಾರಂಜಿ ಕೆರೆಯಲ್ಲಿ ಚಳಿಗಾಲದಿಂದಲೇ ಅಭ್ಯಾಸ ಶುರು ಮಾಡಿದೆವು, ಬಿಡುವಾದ ದಿನ ಬೆಳಿಗ್ಗೆ ಗೇಟು ತೆಗೆದ ಕೂಡಲೇ. ಮಂಗಳವಾರ ರಜೆ, ನೆನಪಿರಲಿ. ಫೋನಿನಲ್ಲಿ ವೇಗ ತೋರಿಸುವ ಆ್ಯಪ್ ಹಾಕಿ ಬಗಲಿನ ಚೀಲದಲ್ಲಿ ಇಟ್ಟುಕೊಂಡು ತುಳಿಯುತ್ತಿದ್ದೆವು. ಆರಾಮವಾಗಿ ತುಳಿದರೆ ಗಂಟೆಗೆ ನಾಲ್ಕು ಕಿಲೋಮೀಟರ್ ಹತ್ತಿರ. ಜೀವ ಹೋಗುವ ಹಾಗೆ ತುಳಿದರೆ ಆರು. ಅಂದರೆ ದುಪ್ಪಟ್ಟು ಕಷ್ಟಪಟ್ಟರೂ ದುಪ್ಪಟ್ಟು ವೇಗ ಬರುವುದಿಲ್ಲ. ಹೆಚ್ಚಿನ ಶ್ರಮ ನೀರು ಕಲಕುವುದಕ್ಕೇ ಹೋಗುತ್ತದೆ.

ಅದರಲ್ಲೂ ಶುರುವಿನಲ್ಲಿ. ಶಿಳ್ಳೆ ಹೊಡೆದ ತಕ್ಷಣ ಎಲ್ಲರೂ ಗಿರಗಿರ ತುಳಿಯುತ್ತಾರೆ. ಚಕ್ರದ ರೆಕ್ಕೆ ಗಾಳಿಯನ್ನೂ ಸೇರಿಸಿ ನೊರೆ ಎಬ್ಬಿಸುತ್ತದೆ, ದೋಣಿ ನಿಂತಲ್ಲೇ ಅಲುಗುತ್ತದೆ. ಮೊದಲ ಹತ್ತು ಸುತ್ತು ನಿಧಾನ, ಗಟ್ಟಿಯಾಗಿ ತುಳಿಯಬೇಕು. ದೋಣಿ ಹೊರಟಿತು ಅಂತ ಬೆನ್ನಿಗೆ ಗೊತ್ತಾಗುತ್ತದೆ. ಆಮೇಲೆ ಲಯ ಏರಿಸಬೇಕು. ಆ ಹತ್ತು ಸುತ್ತಿನಲ್ಲಿ ಪಾದ ಎಲ್ಲಿ ಇಡಬೇಕು ಅನ್ನುವುದರಲ್ಲಿ ಇನ್ನೊಂದು ಸಂಗತಿ ಇದೆ. ಅದು ನಾದಿನಿ ಕಂಡುಹಿಡಿದದ್ದು. ಹೇಳಬಾರದು ಅಂದಿದ್ದಾಳೆ.

ಎರಡನೆಯದು ಚುಕ್ಕಾಣಿ. ನಡುವಿನ ಹಿಡಿಯನ್ನು ಪದೇ ಪದೇ ಆಡಿಸಿದರೆ ಅದು ಬ್ರೇಕ್ ಹಾಕಿದ ಹಾಗೆ. ಇಬ್ಬರ ತೂಕದಲ್ಲಿ ವ್ಯತ್ಯಾಸ ಇದ್ದರೆ ದೋಣಿ ಒಂದು ಕಡೆ ವಾಲಿ, ತಾನೇ ಪಕ್ಕಕ್ಕೆ ಎಳೆಯುತ್ತದೆ. ನಾನು ನಾದಿನಿಗಿಂತ ಹನ್ನೆರಡು ಕಿಲೋ ಜಾಸ್ತಿ. ನೀರಿನ ಕ್ಯಾನು ಅವಳ ಕಾಲ ಹತ್ತಿರ ಇಟ್ಟು ನೋಡಿದೆವು, ಬ್ಯಾಗು ಇಟ್ಟು ನೋಡಿದೆವು. ಕೊನೆಗೆ ನಾನು ಒಳಕ್ಕೆ, ಅವಳು ಹೊರಕ್ಕೆ ಸರಿದು ಕೂತಾಗ ದೋಣಿ ಮಟ್ಟಸವಾಯಿತು. ಹಿಡಿ ಅವಳ ಕೈಗೆ ಕೊಟ್ಟೆ. ಎದುರು ದಡದ ಒಂದು ಮರ ಹಿಡಿದು ಅದರ ಕಡೆಗೇ ನೇರ. "ಅತ್ತಿಗೆ, ಪಕ್ಕದ ದೋಣಿ ನೋಡಬೇಡಿ, ನೋಡಿದರೆ ನೀವು ಆ ಕಡೆ ವಾಲ್ತೀರಿ" ಅಂತ ಅವಳು ಗದರಿಸುವುದು ಕಾರಂಜಿಯಲ್ಲೇ ಶುರುವಾಗಿತ್ತು.

ಬಟ್ಟೆಯ ಬಗ್ಗೆ ಹೆಂಗಸರಿಗೆ ಒಂದು ಮಾತು. ದುಪ್ಪಟ್ಟ ಪೆಡಲಿಗೆ ಸಿಕ್ಕಿಕೊಳ್ಳುತ್ತದೆ. ಅಗಲ ಪ್ಯಾಂಟಿನ ಅಂಚೂ ಅಷ್ಟೇ. ಕಾಲಿಗೆ ಹತ್ತಿಕೊಂಡಿರುವ ಟ್ರ್ಯಾಕ್ ಪ್ಯಾಂಟ್, ಹಿಂದೆ ಪಟ್ಟಿ ಇರುವ ಚಪ್ಪಲಿ ಸಾಕು. ಲೈಫ್ ಜಾಕೆಟ್ಟಿನ ಪಟ್ಟಿಯನ್ನು ನಿಂತಾಗ ಬಿಗಿದರೆ ಸಾಲದು, ಕೂತ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಇಲ್ಲದಿದ್ದರೆ ಬಗ್ಗಿದಾಗ ಅದು ಮೇಲೆದ್ದು ಗಲ್ಲಕ್ಕೆ ಒತ್ತುತ್ತದೆ, ಉಸಿರು ಅರ್ಧಕ್ಕೇ ನಿಲ್ಲುತ್ತದೆ.

ಉಸಿರು ಅಂದೆನಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಊಟಿ 2,240 ಮೀಟರ್ ಎತ್ತರದಲ್ಲಿದೆ. ಮೈಸೂರು ಅದರ ಮೂರನೇ ಒಂದು ಭಾಗದಷ್ಟು. ಬಸ್ಸಿಳಿದು ಅದೇ ದಿನ ತುಳಿದರೆ ಎರಡು ನಿಮಿಷಕ್ಕೆ ಎದೆ ಬಡಿದುಕೊಳ್ಳುತ್ತದೆ. ಹಿಂದೊಮ್ಮೆ ಸುಮ್ನೆ ಅರ್ಧ ಗಂಟೆ ದೋಣಿ ತೆಗೆದುಕೊಂಡಾಗಲೇ ಈ ಅನುಭವ ಆಗಿತ್ತು. ಈ ಸಲ ಎರಡು ರಾತ್ರಿ ಮೊದಲೇ ಹೋಗಿ ಮಲಗಿದೆವು. ಸಂಜೆ ಕೇತ್ತಿ ಸ್ಟೇಷನ್ನಿನಿಂದ ಏರು ದಾರಿಯಲ್ಲಿ ನಡೆದೇ ರೂಮಿಗೆ ಹೋಗುತ್ತಿದ್ದೆವು. ಸ್ಪರ್ಧೆಯ ದಿನ ಆಯಾಸವೇ ಆಗಲಿಲ್ಲ ಅಂತಲ್ಲ, ಉಸಿರು ಕೈಕೊಡಲಿಲ್ಲ.

ದೋಣಿ ಸ್ಪರ್ಧೆಯ ತಾರೀಖು ಹಿಡಿಯುವುದೇ ಕಷ್ಟದ ಕೆಲಸ. ಪುಷ್ಪ ಪ್ರದರ್ಶನದ್ದು ಮೊದಲೇ ಗೊತ್ತಾಗುತ್ತದೆ. 2025ರಲ್ಲಿ 127ನೇ ಪ್ರದರ್ಶನ ಮೇ 15ರಿಂದ 25ರವರೆಗೆ ಇತ್ತು. ಅದು ಶುರುವಾಗುವ ದಿನ ಜಿಲ್ಲೆಗೆ ರಜೆ ಕೊಡುತ್ತಾರೆ, ಅವತ್ತು ಊರಿಗೆ ಊರೇ ಬೀದಿಯಲ್ಲಿರುತ್ತದೆ, ಹೋಗಬೇಡಿ. ದೋಣಿ ಸ್ಪರ್ಧೆಯ ದಿನ ನನಗೆ ತಿಳಿದದ್ದು ಕೆಲವೇ ದಿನ ಮುಂಚೆ. ತಮಿಳು ಪತ್ರಿಕೆಗಳ ನೀಲಗಿರಿ ಪುಟ ದಿನಾ ನೋಡುತ್ತಿದ್ದೆ. ಫೋನ್ ಮಾಡಿ ಕೇಳಲು ಅಲ್ಲಿ ಒಬ್ಬರಿದ್ದಾರೆ. ಅವರ ನಂಬರ್ ಕೊಡಲಾರೆ, ಪಾಪ, ಅವರಿಗೆ ತೊಂದರೆ.

ಸ್ಪರ್ಧೆಯ ದಿನ ಕೇತ್ತಿಯಿಂದ ಬೆಳಗಿನ ಗಾಡಿ ಹಿಡಿದು ಊಟಿಗೆ ಬಂದೆವು. ಸ್ಟೇಷನ್ನಿನಿಂದ ಬೋಟ್ ಹೌಸಿಗೆ ನಡೆದೇ ಹೋಗಬಹುದು. ಚೇರಿಂಗ್ ಕ್ರಾಸ್ ಕಡೆ ತಲೆ ಹಾಕುವ ಅಗತ್ಯವೇ ಇಲ್ಲ, ಈ ದಾರಿಯ ಗುಟ್ಟೇ ಅದು. ಹೆಸರು ಕೊಟ್ಟು, ಆಧಾರ್ ತೋರಿಸಿ, ದೋಣಿ ಕಟ್ಟಿದ ಕಡೆ ಮೊದಲೇ ಹೋಗಿ ನಿಂತೆವು. ಎಲ್ಲ ದೋಣಿ ಒಂದೇ ಥರ ಕಂಡರೂ ಕೆಲವು ನೀರಿನಲ್ಲಿ ಒಂದು ಬೆರಳು ಹೆಚ್ಚು ಮುಳುಗಿರುತ್ತವೆ. ಒಳಗೆ ನೀರು ಸೇರಿರುತ್ತದೆ. ಅದನ್ನು ಬಿಟ್ಟು ಮೇಲೆ ತೇಲುವುದನ್ನು ಹಿಡಿಯಬೇಕು. ಇನ್ನೊಂದು ಗುರುತೂ ಇದೆ, ಅದು ನಮ್ಮಲ್ಲೇ ಇರಲಿ.

ಕೆರೆಯಲ್ಲಿ ಕಳೆ ಇದೆ, ಕಾಲುವೆಯಿಂದ ಬರುವ ಕೊಳಕೂ ಇದೆ. 1820ರ ದಶಕದಲ್ಲಿ ಕಲೆಕ್ಟರ್ ಜಾನ್ ಸಲಿವನ್ ಕಟ್ಟಿಸಿದ ಕೆರೆ, ಇಷ್ಟು ಜನ ಇದರಿಂದ ಹೊಟ್ಟೆ ಹೊರೆಯುತ್ತಾರೆ, ಇನ್ನಷ್ಟು ಚೆನ್ನಾಗಿ ನೋಡಿಕೊಳ್ಳಬೇಕಿತ್ತು. ನನಗೆ ನಿಜಕ್ಕೂ ಬೇಜಾರಾಗುತ್ತದೆ. ಕಳೆ ಚಕ್ರಕ್ಕೆ ಸುತ್ತಿಕೊಂಡರೆ ಪೆಡಲ್ ಭಾರವಾಗುತ್ತದೆ. ಗೆರೆಯ ಹತ್ತಿರ ಹೋಗಿ ನಿಲ್ಲುವಾಗ ನಾಲ್ಕೈದು ಸುತ್ತು ಹಿಂದಕ್ಕೆ ತುಳಿದರೆ ಬಿಟ್ಟುಕೊಳ್ಳುತ್ತದೆ. ಪಕ್ಕದವರು ಯಾರೂ ಹಾಗೆ ಮಾಡಿದ್ದು ನಾನು ಕಾಣಲಿಲ್ಲ.

ಮೊದಲ ಸುತ್ತಿನಲ್ಲಿ ಸುಲಭವಾಗಿ ಗೆದ್ದೆವು. ಫೈನಲ್‌ನಲ್ಲಿ ಊಟಿಯವರೇ ಆದ ಇಬ್ಬರು ಹೆಂಗಸರು, ಕೊಯಮತ್ತೂರಿನ ಕಾಲೇಜು ಹುಡುಗಿಯರು, ಇನ್ನೊಂದು ಜೋಡಿ, ನಾವು. ಹುಡುಗಿಯರು ಶಿಳ್ಳೆಗೆ ಮುಂಚೆಯೇ ತುಳಿಯಲು ಶುರು ಮಾಡಿದ್ದರು, ನೊರೆ ಎಬ್ಬಿಸಿ ಅಡ್ಡ ತಿರುಗಿದರು. ನಮ್ಮ ಹತ್ತು ಸುತ್ತು ಮುಗಿದು ಲಯ ಏರಿಸಿದಾಗ ಅವರು ಹಿಂದೆ. ಅರ್ಧ ದಾರಿಯಲ್ಲಿ ನನ್ನ ಎಡ ತೊಡೆ ಉರಿಯತೊಡಗಿತು. "ಮರ ನೋಡಿ ಅತ್ತಿಗೆ, ಮರ" ಅನ್ನುವುದೊಂದೇ ಕೇಳುತ್ತಿತ್ತು. ಊಟಿಯ ಹೆಂಗಸರು ಒಂದು ದೋಣಿಯ ಉದ್ದ ಮುಂದೆ ಗೆರೆ ದಾಟಿದರು. ಅವರಿಗೆ ಆ ಕೆರೆ ಮನೆಯಂಗಳ, ಅವರ ಹಿಂದೆ ಬರುವುದರಲ್ಲಿ ಹೆಮ್ಮೆಯೇ ಇದೆ. ದಡದಲ್ಲಿ ಅವರೇ ಬಂದು ಟೀ ಕೊಡಿಸಿದರು.

ಲೆಕ್ಕ ಕೊಟ್ಟುಬಿಡುತ್ತೇನೆ, ನೆನಪಿನಿಂದ. ಬಸ್ಸು ಇಬ್ಬರಿಗೂ ಹೋಗಿ ಬರಲು 1,200. ರೂಮು ಮೂರು ರಾತ್ರಿ 4,500. ಊಟ 1,800. ರೈಲು, ಲೋಕಲ್ ಬಸ್ಸು, ಒಂದೆರಡು ಆಟೋ ಸೇರಿ 500. ಹಿಂದಿನ ದಿನ ಕೆರೆಯಲ್ಲಿ ತಾಲೀಮಿಗೆ ದೋಣಿ, ಪ್ರವೇಶ ಶುಲ್ಕ, ಹೂವಿನ ತೋಟ ಎಲ್ಲ 1,000ದ ಒಳಗೆ. ಒಟ್ಟು 9,000. ತಲೆಗೆ 4,500, ಮೂರು ರಾತ್ರಿಗೆ. ಕಾರಿನಲ್ಲಿ ಹೋದಾಗ ಎರಡು ರಾತ್ರಿಗೆ ತಲೆಗೆ ಏಳು ಸಾವಿರ ದಾಟಿತ್ತು, ಸ್ಪರ್ಧೆಯೂ ಸಿಕ್ಕಿರಲಿಲ್ಲ.

ಹೋಗುವವರು ಸ್ಟೀಲ್ ಬಾಟಲಿ ಒಯ್ಯಿರಿ. ಐದು ಲೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ಬಾಟಲಿಗೆ ನೀಲಗಿರಿಯಲ್ಲಿ ನಿಷೇಧ, ಗಡಿಯಲ್ಲಿ ತೆಗೆಸುತ್ತಾರೆ. ಮಧ್ಯಾಹ್ನದ ಮೇಲೆ ಮಳೆ ಬರುವುದೇ ಹೆಚ್ಚು, ಗಾಳಿ ಎದ್ದರೆ ಕೆರೆ ಅಲುಗುತ್ತದೆ, ತಾಲೀಮು ಬೆಳಿಗ್ಗೆಯೇ ಮುಗಿಸಿ. ವಾಪಸ್ ಬರುವ ಬಸ್ಸು ಸಂಜೆ ನಾಲ್ಕರ ಮೇಲೆ ಹಿಡಿಯಬೇಡಿ, ಬಂಡೀಪುರ ದಾಟುವುದು ತಡವಾಗುತ್ತದೆ. ಭಾವ ಈಗ ಮುಂದಿನ ಮೇ ತಿಂಗಳಿಗೆ ಗಂಡ-ಹೆಂಡತಿ ವಿಭಾಗಕ್ಕೆ ತಯಾರಾಗುತ್ತಿದ್ದಾರೆ. ಕಾರಂಜಿಯಲ್ಲಿ ಅವರಿಗೆ ಚುಕ್ಕಾಣಿ ಹಿಡಿಯುವುದನ್ನು ಹೇಳಿಕೊಟ್ಟಿದ್ದೇನೆ. ಪಾದ ಇಡುವ ಜಾಗ ಇನ್ನೂ ಹೇಳಿಲ್ಲ.